ನೆದರ್ಲೆಂಡ್ಸ್‌ಗೆ ಹೋಗಿ ನೆಲೆನಿಂತ ಇಂಗ್ಲಿಷ್ ಪೂರ್ವಜರ ಹುಡುಕಾಟ

ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಇಂಗ್ಲೆಂಡಿನಿಂದ ನೆದರ್ಲೆಂಡ್ಸ್‌ಗೆ ಹೋದವರಲ್ಲಿ ಸೈನಿಕರು, ಬಟ್ಟೆ ವ್ಯಾಪಾರಿಗಳು, ಧರ್ಮದ ಕಾರಣಕ್ಕೆ ಊರು ಬಿಟ್ಟವರು ಎಲ್ಲರೂ ಇದ್ದರು. ಸ್ಪೇನ್ ವಿರುದ್ಧ ಡಚ್ಚರಿಗೆ ನೆರವಾಗಲು ಬಂದ ಇಂಗ್ಲಿಷ್ ಪಡೆ ಫ್ಲಿಸಿಂಗನ್ ಮತ್ತು ಬ್ರಿಲ್ ಪಟ್ಟಣಗಳಲ್ಲಿ 1616ರವರೆಗೂ ಬೀಡುಬಿಟ್ಟಿತ್ತು. ರಾಜನ ಅಧೀನದಲ್ಲಿದ್ದ ಚರ್ಚನ್ನು ಒಪ್ಪದ ಒಂದು ಗುಂಪು 1608ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ, ಮರುವರ್ಷ ಲೈಡನ್‌ಗೆ ಹೋಯಿತು. ಇವರಲ್ಲಿ ಕೆಲವರು 1620ರಲ್ಲಿ ಮೇಫ್ಲವರ್ ಹಡಗು ಹತ್ತಿ ಅಮೆರಿಕ ಸೇರಿದರು. ಚರಿತ್ರೆ ನೆನೆಯುವುದು ಅವರನ್ನೇ. ಹೆಚ್ಚಿನವರು ಆ ವರ್ಷ ಲೈಡನ್ನಿನಲ್ಲೇ ಉಳಿದರು. ಅವರ ಪೈಕಿ ಅಲ್ಲೇ ನೆಲೆನಿಂತವರ ಮಕ್ಕಳು ಮೊಮ್ಮಕ್ಕಳು ಡಚ್ಚರೇ ಆಗಿಹೋದರು.

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. ದೇಶದ ಬಹುಭಾಗದಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1811ರಲ್ಲಿ, ನೆಪೋಲಿಯನ್ ಆಳ್ವಿಕೆಯಲ್ಲಿ. ಅಲ್ಲಿವರೆಗಿನ ದಾರಿ ಸಲೀಸು. ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚು ಮತ್ತು ನಗರಸಭೆಗಳ ಹಳೆಯ ಪುಸ್ತಕಗಳೇ ಆಧಾರ.

ಅವುಗಳಲ್ಲಿ ಅತಿ ಬೆಲೆಯುಳ್ಳದ್ದು ಮದುವೆಗೆ ಮುಂಚೆ ವಧೂವರರು ಹೆಸರು ಬರೆಸುತ್ತಿದ್ದ ಪುಸ್ತಕ. ಆಮ್‌ಸ್ಟರ್‌ಡ್ಯಾಮಿನಲ್ಲಿ ಇವು 1578ರಿಂದಲೂ ಉಳಿದುಬಂದಿವೆ. ಮುಂದೆ ಅಮೆರಿಕದ ಪ್ಲಿಮತ್ ವಸಾಹತಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ 1613ರಲ್ಲಿ ಅಲ್ಲಿ ಹೆಸರು ಬರೆಸಿದ. ಆಸ್ಟರ್‌ಫೀಲ್ಡ್ ಊರಿನವನು, ಬಟ್ಟೆ ನೇಯುವವನು, ವಯಸ್ಸು 23, ವಾಸ ಲೈಡನ್, ತಂದೆತಾಯಿ ಇಲ್ಲ ಎಂದು ದಾಖಲಾಗಿದೆ. ವಧು ಡೊರೊಥಿ ಮೇ, ವಯಸ್ಸು 16. ಕಡಲಾಚೆಯ ಹುಟ್ಟೂರು ಯಾವುದೆಂದು ಹೇಳುವ ಇಂಥ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ತೊಡಕು ಬರುವುದು ಬರವಣಿಗೆಯಲ್ಲಿ. ಡಚ್ ಗುಮಾಸ್ತರು ಇಂಗ್ಲಿಷ್ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡರು. ಜಾನ್ ಯಾನ್ ಆದ, ಊರುಗಳ ಹೆಸರಂತೂ ಗುರುತೇ ಸಿಗದಷ್ಟು ಬದಲಾದವು. ಡಚ್ ಉಚ್ಚಾರಣೆಯಲ್ಲಿ ಗಟ್ಟಿಯಾಗಿ ಓದಿದರೆ ಎಷ್ಟೋ ಸಲ ಮೂಲ ಹೆಸರು ಹೊಳೆಯುತ್ತದೆ. ತಾರೀಖಿನ ವಿಷಯದಲ್ಲೂ ಎಚ್ಚರ ಬೇಕು. ಹಾಲೆಂಡ್ ಪ್ರಾಂತ 1583ರಲ್ಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ ಬಂದದ್ದು 1752ರಲ್ಲಿ. ಹದಿನೇಳನೇ ಶತಮಾನದಲ್ಲಿ ಎರಡರ ನಡುವೆ 10 ದಿನಗಳ ಅಂತರವಿತ್ತು.

ಪೌರತ್ವ ಪಡೆದವರ ಪಟ್ಟಿಯನ್ನೂ ಬಿಡಬಾರದು. ಲೈಡನ್ನಿನಲ್ಲಿ ಪೌರತ್ವಕ್ಕೆ ಜಾಮೀನು ನಿಲ್ಲುತ್ತಿದ್ದವರು ಅನೇಕ ಸಲ ಸ್ವದೇಶದವರೇ ಆಗಿರುತ್ತಿದ್ದರು. ಅವರ ಹೆಸರಿನ ಬೆನ್ನು ಹಿಡಿದರೆ ಕುಟುಂಬದ ನಂಟು ಬಿಚ್ಚಿಕೊಳ್ಳಬಹುದು.

ಹುಟ್ಟೂರು ತಿಳಿದ ಮೇಲೆ ಇಂಗ್ಲೆಂಡಿನ ಚರ್ಚ್ ಪುಸ್ತಕಗಳನ್ನು ನೋಡಬೇಕು. ಅವುಗಳನ್ನು ಇಡಲು ಆಜ್ಞೆಯಾದದ್ದು 1538ರಲ್ಲಿ, ಆದರೆ ಆರಂಭದ ಪುಸ್ತಕಗಳು ಬಹಳಷ್ಟು ಕಳೆದುಹೋಗಿವೆ. ಆಗ ಉಯಿಲುಗಳೇ ಗತಿ. ಇಂಗ್ಲೆಂಡಿನಲ್ಲಿ ಆಸ್ತಿ ಬಿಟ್ಟು ವಿದೇಶದಲ್ಲಿ ತೀರಿಕೊಂಡವರ ಉಯಿಲುಗಳು ಕ್ಯಾಂಟರ್‌ಬರಿಯ ಧರ್ಮನ್ಯಾಯಾಲಯಕ್ಕೆ ಬರುತ್ತಿದ್ದವು, ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೆಸರೊಂದು ಹೊಂದಿದ ಮಾತ್ರಕ್ಕೆ ಅವರನ್ನು ಪೂರ್ವಜರೆನ್ನಲಾಗದು. ಊರು, ಕಸುಬು, ಸಾಕ್ಷಿಗಳ ಹೆಸರು ಇವುಗಳಲ್ಲಿ ಇನ್ನೊಂದಾದರೂ ತಾಳೆಯಾಗುವವರೆಗೆ ವಂಶಾವಳಿಯಲ್ಲಿ ಆ ಜಾಗ ಖಾಲಿ ಬಿಡುವುದೇ ಸರಿ.