ಒಂದು ಎಂಜಿನು ನಿಂತಾಗ

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರನ್ನು ಹೊತ್ತು ಬಜ್ಪೆಯ ನೆಲದಲ್ಲಿ ಇಳಿದ ಡಗ್ಲಾಸ್ ಡಿಸಿ-3 ಎರಡು ಎಂಜಿನುಗಳ ವಿಮಾನ. ಎರಡು ಎಂಜಿನುಗಳಿದ್ದ ಮೇಲೆ ಭಯವೆಲ್ಲಿ, ಒಂದು ಕೆಟ್ಟರೆ ಇನ್ನೊಂದಿದೆಯಲ್ಲ ಎಂದು ವಾಚಕರಿಗೆ ತೋರುವುದು ಸಹಜ. ಚಿಕ್ಕ ವಿಮಾನಗಳ ಮಟ್ಟಿಗೆ ಈ ಮಾತು ಅರ್ಧಸತ್ಯ.

ನೇತ್ರಾವತಿಯ ದೋಣಿಗಳನ್ನು ಕಂಡ ಬಂಟ್ವಾಳದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎರಡು ಬದಿಗಳಲ್ಲಿ ಇಬ್ಬರು ಹುಟ್ಟು ಹಾಕುತ್ತಿರುವಾಗ ಎಡಗಡೆಯವನು ಕೈಬಿಟ್ಟರೆ ದೋಣಿಯ ಮೂತಿ ಎಡಕ್ಕೇ ತಿರುಗುತ್ತದೆ. ರೆಕ್ಕೆಗಳ ಮೇಲೆ ಎಂಜಿನುಗಳಿರುವ ವಿಮಾನದ ಪಾಡೂ ಅದೇ. ಚಾಲಕನು ಒಡನೆಯೇ ಬಲಗಾಲಿನಿಂದ ಚುಕ್ಕಾಣಿಯನ್ನು ಒತ್ತಿ ಮೂತಿಯನ್ನು ನೇರಗೊಳಿಸಬೇಕು. ಆಗ ಕೆಲಸವಿಲ್ಲದೆ ಉಳಿಯುವ ಎಡಗಾಲೇ, ಸತ್ತಿರುವುದು ಎಡಗಡೆಯ ಎಂಜಿನು ಎಂದು ತಿಳಿಸುತ್ತದೆ. ವೇಗ ಒಂದು ಮಿತಿಗಿಂತ ಇಳಿದರೆ ಚುಕ್ಕಾಣಿಯ ಬಲ ಸಾಲದೆ ವಿಮಾನ ಮಗುಚಿಕೊಳ್ಳುತ್ತದೆ. ವೇಗಮಾಪಕದ ಮುಖದ ಮೇಲೆ ಆ ಮಿತಿಗೊಂದು ಕೆಂಪು ಗೆರೆ ಎಳೆದಿರುತ್ತಾರೆ.

ಬಳಿಕ ನಿಂತ ಪಂಖದ ಅಲಗುಗಳು ಗಾಳಿಗೆ ಅಂಚುಕೊಡುವಂತೆ ಅವನ್ನು ಹೊರಳಿಸಬೇಕು. ಇಲ್ಲದಿದ್ದರೆ ಗಾಳಿಯೇ ಪಂಖವನ್ನು ಸುತ್ತಿಸುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಇಲ್ಲಿ ಅವಸರ ಸಲ್ಲದು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಬಲಗಡೆಯ ಎಂಜಿನು ಕೈಕೊಟ್ಟಾಗ ಚಾಲಕನು ಸರಿಯಾಗಿದ್ದ ಎಡಗಡೆಯದನ್ನೇ ನಿಲ್ಲಿಸಿದ; 43 ಜನ ಮಡಿದರು. ಅದು ಚಿಕ್ಕ ವಿಮಾನವೂ ಅಲ್ಲ, ಚಾಲಕನು ಹೊಸಬನೂ ಅಲ್ಲ.

ಒಂದು ಎಂಜಿನು ನಿಂತರೆ ಹೋಗುವುದು ಅರ್ಧ ಶಕ್ತಿ. ಆದರೆ ಮಟ್ಟವಾಗಿ ಹಾರುವುದಕ್ಕೇ ಬಹುಪಾಲು ಶಕ್ತಿ ವ್ಯಯವಾಗುವುದರಿಂದ, ಮೇಲೇರುವ ಸಾಮರ್ಥ್ಯದಲ್ಲಿ ನೂರಕ್ಕೆ 80 ಪಾಲು, ಕೆಲವೊಮ್ಮೆ ಪೂರ್ತಿಯೇ, ನಷ್ಟವಾಗುತ್ತದೆ. ಬೆಂಗಳೂರಿನಿಂದ ಬಜ್ಪೆಗೆ ಬರುವ ವಿಮಾನ ಘಟ್ಟವನ್ನು ದಾಟಲೇಬೇಕು. ಬೆಳ್ತಂಗಡಿಯ ನೆತ್ತಿಯ ಮೇಲೆ ಕುದುರೆಮುಖವೊಂದೇ 1,892 ಮೀಟರು ಎತ್ತರ. ತುಂಬು ಭಾರ ಹೊತ್ತ ಕೆಲವು ಹಳೆಯ ಚಿಕ್ಕ ವಿಮಾನಗಳು ಒಂದೇ ಎಂಜಿನಿನಿಂದ ಅಷ್ಟು ಎತ್ತರದಲ್ಲಿ ನಿಲ್ಲಲಾರವು. ಘಟ್ಟ ಕಳೆದ ಮೇಲಾದರೋ ನೆಲವೂ ತಗ್ಗುತ್ತ ಹೋಗುತ್ತದೆ. ಮೂಡಬಿದಿರೆಯ ಕಡೆಗೆ ಮೆಲ್ಲನೆ ಇಳಿಯುವ ವಿಮಾನಕ್ಕೆ ಅಷ್ಟೇ ಸಮಾಧಾನ.

ನಿಂತ ಎಂಜಿನನ್ನು ಆಕಾಶದಲ್ಲಿಯೇ ಮತ್ತೆ ಹೊತ್ತಿಸಬಾರದೇ? ಹೊತ್ತಿಸಬಹುದು. ಆದರೆ ಆ ಕ್ರಮವನ್ನು ಮೊದಲು ಯಾರಾದರೂ ಹಾರಿ ಪರೀಕ್ಷಿಸಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳು ರೂಪಿಸಿದ 14 ಆಸನಗಳ 'ಸಾರಸ್' ವಿಮಾನಕ್ಕೆ ಬಾಲದ ಬಳಿ ಎರಡು ಎಂಜಿನುಗಳು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಈ ಪರೀಕ್ಷೆಗಾಗಿಯೇ ಮೇಲೇರಿತು. ಎತ್ತರ ಸಮುದ್ರಮಟ್ಟದಿಂದ ಸುಮಾರು 9,000 ಅಡಿ. ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎಂಬುದನ್ನು ಮರೆಯಬಾರದು. ಬೇಕೆಂದೇ ನಿಲ್ಲಿಸಿದ ಎಂಜಿನನ್ನು ಮತ್ತೆ ಹೊತ್ತಿಸುವಾಗ ವಿಮಾನ ಹಿಡಿತ ತಪ್ಪಿ ಬಿಡದಿಯ ಬಳಿಯ ಬಯಲಿಗೆ ಬಿದ್ದು ಉರಿಯಿತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಅಸುನೀಗಿದರು.

ಹೊತ್ತಿಸುವ ಕ್ರಮವನ್ನು ರೂಪಿಸಿದವರೇ ತಪ್ಪಾಗಿ ರೂಪಿಸಿದ್ದರು, ಅದನ್ನು ಅನುಸರಿಸಿದ ಎತ್ತರವೂ ಸಾಲದಾಗಿತ್ತು ಎಂದು ವಿಚಾರಣೆ ನಿರ್ಣಯಿಸಿತು. ಚಾಲಕರು ತಮಗೆ ಕೊಟ್ಟ ಕ್ರಮವನ್ನೇ ಪಾಲಿಸಿದ್ದರೆಂಬುದನ್ನು ನಾವು ನೆನೆಯಬೇಕು. ತಿದ್ದಿ ಸಜ್ಜುಗೊಳಿಸಿದ ಸಾರಸ್ ಮತ್ತೆ ಹಾರಿದ್ದು 2018ರ ಜನವರಿ 24ರಂದು.