ಸೋರುವ ಮನೆಗೂ ಸಾಲ

ಚಾವಣಿ ಸೋರುವ ಮನೆ ಕೊಳ್ಳಲು ಬ್ಯಾಂಕು ಸಾಲ ಕೊಡುತ್ತದೆಯೇ?

ಅಮೆರಿಕದಲ್ಲಿ ಸಾಮಾನ್ಯ ಗೃಹಸಾಲ ಕೊಡುವ ಬ್ಯಾಂಕು ಇಂಥ ಮನೆಗೆ ಹಿಂದೇಟು ಹಾಕುತ್ತದೆ.
ಒಸರುವ ಗೋಡೆ, ಸುಟ್ಟ ವೈರು, ನೀರು ಬಾರದ ನಲ್ಲಿ:
ಅರ್ಜಿ ತಳ್ಳಿಹಾಕಲು ಇಷ್ಟು ಸಾಕು.

ಅಂಥ ಮನೆಗೆಂದೇ ಇರುವುದು 203ಕೆ ಸಾಲ.
ಹಣ ಬ್ಯಾಂಕಿನದು.
ವಿಮೆ ಸರ್ಕಾರಿ ಸಂಸ್ಥೆಯದು, ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್‌ನದು.
ಮನೆಯ ಬೆಲೆ, ರಿಪೇರಿ ಖರ್ಚು, ಎರಡೂ ಒಂದೇ ಸಾಲದಲ್ಲಿ.
ಕ್ರೆಡಿಟ್ ಸ್ಕೋರ್ 580 ಅಥವಾ ಹೆಚ್ಚಿದ್ದರೆ
ಕೈಯಿಂದ ಹಾಕಬೇಕಾದದ್ದು ಕನಿಷ್ಠ ಶೇ. 3.5.

ಆದರೆ ರಿಪೇರಿ ಹಣ ಕೈಗೆ ಸಿಗುವುದಿಲ್ಲ.
ಅದು ಕೆರೆಯ ನೀರಿದ್ದಂತೆ.
ತೂಬು ಎತ್ತಿದಷ್ಟೇ ಗದ್ದೆಗೆ.

ಹಳೇ ಶೀಟು ಕಿತ್ತು ಹೊಸ ಚಾವಣಿ ಹಾಕಿದ್ದಾಯಿತು.
ಪರಿಶೀಲಕರು ಬಂದು ನೋಡುತ್ತಾರೆ.
ಸರಿಯಿದ್ದರೆ ಆ ಕೆಲಸದ ಹಣ ಬಿಡುಗಡೆ.
ಅದರಲ್ಲೂ ಶೇ. 10 ಕೊನೆಯವರೆಗೆ ತಡೆಹಿಡಿಯುತ್ತಾರೆ.
ಅರ್ಧಕ್ಕೆ ಕೈಬಿಡುವ ಗುತ್ತಿಗೆದಾರರಿಂದ ಕಾಪಾಡುವುದು ಇದೇ.

203ಕೆ ಸಾಲದಲ್ಲಿ ಎರಡು ಬಗೆ.
ಸಣ್ಣಪುಟ್ಟ ಕೆಲಸಕ್ಕೆ ಲಿಮಿಟೆಡ್ ಸಾಲ.
2024ರ ನವೆಂಬರ್‌ನಿಂದ ಅದರಲ್ಲಿ ರಿಪೇರಿ ಖರ್ಚಿನ ಮಿತಿ 75,000 ಡಾಲರ್.
ಮನೆಯ ಕಟ್ಟೋಣಕ್ಕೇ ಕೈಹಾಕುವುದಾದರೆ ಸ್ಟ್ಯಾಂಡರ್ಡ್ ಸಾಲ.
ಅದಕ್ಕೆ ಸಲಹೆಗಾರರು ಕಡ್ಡಾಯ.

ಕೊಂಡವರು ಅಲ್ಲೇ ವಾಸಿಸಬೇಕು.
ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಸಾಲವಿಲ್ಲ.
ಹೊಸ ಈಜುಕೊಳಕ್ಕೂ ಇಲ್ಲ.

ಬಹಳ ಮುಖ್ಯವಾದದ್ದು ಮೀಸಲು ಹಣ.
ಹಳೇ ಗೋಡೆ ಒಡೆದಾಗ
ಒಳಗೆ ಗೆದ್ದಲು ತಿಂದ ಮರ ಸಿಗಬಹುದು.
ಅಂಥ ಖರ್ಚಿಗೆಂದೇ ಒಂದು ಪಾಲು ತೆಗೆದಿಡುತ್ತಾರೆ.
ಸಾಲದಿಂದಲೇ ತೆಗೆದಿಟ್ಟ ಆ ಹಣ ಉಳಿದರೆ,
ಅಸಲಿಗೆ ಜಮೆಯಾಗುತ್ತದೆ.