ಕರಾರಿಗೆ ಸಹಿ ಹಾಕುವ ಮುನ್ನ

ಹತ್ತನೇ ತರಗತಿಯೋ ಐಟಿಐಯೋ ಮುಗಿಸಿದ ಮಗನನ್ನು, ಮಗಳನ್ನು ಹೊಸೂರಿನ ಸಿಪ್ಕಾಟ್ ಕಡೆಗೆ ಕಳುಹಿಸುವ ಯೋಚನೆಯಲ್ಲಿದ್ದೀರಾ? ಹಾಗಿದ್ದರೆ ಸಂಬಳ ಎಷ್ಟು ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಿ: ಸೇರುವುದು ಕಂಪನಿಯ ಅಪ್ರೆಂಟಿಸ್ ಆಗಿಯೋ, ಗುತ್ತಿಗೆದಾರನ ಆಳಾಗಿಯೋ? ಇಬ್ಬರೂ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಾರೆ, ಒಂದೇ ಯಂತ್ರದ ಮುಂದೆ ನಿಲ್ಲುತ್ತಾರೆ. ವ್ಯತ್ಯಾಸವಿರುವುದು ಕಾಗದದಲ್ಲಿ.

1961ರ ಅಪ್ರೆಂಟಿಸ್ ಕಾಯ್ದೆಯಂತೆ ಅಪ್ರೆಂಟಿಸ್‌ಗೆ ಲಿಖಿತ ಕರಾರು ಇರಬೇಕು, ಅದು ನೋಂದಣಿಯಾಗಬೇಕು. ಮಗುವಿಗೆ 18 ತುಂಬಿಲ್ಲದಿದ್ದರೆ ಸಹಿ ಹಾಕಬೇಕಾದವರು ಪೋಷಕರಾದ ನೀವೇ. 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ಅದು ಯಾರೋ ಮಾಡುವ ಉಪಕಾರವಲ್ಲ. ವಿಶೇಷ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ; ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಮಾಲೀಕರ ಹೊಣೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮ ಮಾತ್ರ ಇಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಆದರೆ ನಮ್ಮ ಮಕ್ಕಳು ಎಡವುವುದು ಕಾಯ್ದೆಯಲ್ಲಲ್ಲ, ಮೊದಲ ಮೂರು ತಿಂಗಳಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಶಾಪ್ ಫ್ಲೋರಿನಲ್ಲಿ ಸೂಪರ್‌ವೈಸರ್ ಮಾತು ತಮಿಳು, ಯಂತ್ರದ ಮೇಲಿನ ಬರಹ ಇಂಗ್ಲಿಷು. ತಮಿಳು ಅರ್ಥವಾಗುತ್ತದೆ, ಆದರೆ ಹಿರಿಯರ ಮುಂದೆ ಬಾಯಿ ಬರುವುದಿಲ್ಲ. ಅರ್ಥವಾಗದ್ದನ್ನು ಮತ್ತೆ ಕೇಳಲು ನಾಚಿಕೆ. ತಲೆಯಾಡಿಸಿ ಸುಮ್ಮನಾಗುತ್ತಾರೆ. ಆ ಮೌನವನ್ನು ಮೇಲಿನವರು 'ಹುಡುಗ ಮಂದ' ಎಂದು ಓದಿಕೊಳ್ಳುತ್ತಾರೆ. ತಂದೆಯೋ ಮಾವನೋ ಕಾರ್ಖಾನೆಯಲ್ಲಿ ದುಡಿದ ಮನೆಯ ಮಕ್ಕಳಿಗೆ ಯಾರನ್ನು ಕೇಳಬೇಕು, ರಜೆ ಹೇಗೆ ಬೇಡಬೇಕು ಎಂಬುದು ಊಟದ ಹೊತ್ತಿನ ಮಾತಿನಲ್ಲೇ ಬಂದಿರುತ್ತದೆ. ರಾಗಿ ಹೊಲದಿಂದ ನೇರ ಬಂದವರಿಗೆ ಅದು ಸಿಕ್ಕಿರುವುದಿಲ್ಲ. ಬುದ್ಧಿಯ ಕೊರತೆಯಂತೆ ಕಾಣುವುದು ಬಹಳ ಸಲ ಪರಿಚಯದ ಕೊರತೆ. ಸುರಕ್ಷತೆಯ ಸೂಚನೆಯೇ ಅರ್ಥವಾಗದೆ ತಲೆಯಾಡಿಸಿದರಂತೂ ಹೋಗುವುದು ಬೆರಳು.

ಇದಕ್ಕೆ ಮಾಲೀಕರು ದೊಡ್ಡ ಖರ್ಚು ಮಾಡಬೇಕಿಲ್ಲ. ಹೊಸಬರ ಜೊತೆ ಕನ್ನಡ ಬಲ್ಲ ಒಬ್ಬ ಹಳೆಯ ಕೆಲಸಗಾರನನ್ನು ಬಿಟ್ಟರೆ ಸಾಕು. ಹೊಸೂರಿನಲ್ಲಿ ಅಂಥವರಿಗೇನು ಬರವಿಲ್ಲ. ಎಚ್ಚರಿಕೆಯ ಫಲಕದಲ್ಲಿ ಕನ್ನಡದ ಎರಡು ಸಾಲು ಸೇರಿಸಬಹುದು. 'ಅರ್ಥವಾಯಿತಾ?' ಎಂದು ಕೇಳುವ ಬದಲು 'ಮಾಡಿ ತೋರಿಸು' ಎನ್ನಬಹುದು. ಬೈದು ಕಲಿಸುವುದೇ ಕಲಿಸುವುದು ಎಂಬ ಹಳೆಯ ಮೇಸ್ತ್ರಿಗಳ ನಂಬಿಕೆ ಈಗಿನ ಮಕ್ಕಳ ಮೇಲೆ ನಡೆಯುವುದಿಲ್ಲ. ಅವರು ಎದುರು ಮಾತಾಡದೆ ಬ್ಯಾಗ್ ಎತ್ತಿಕೊಂಡು ಊರಿಗೆ ಬಂದುಬಿಡುತ್ತಾರೆ.

ಹಾಗೆ ಬಂದವರನ್ನು 'ಇಷ್ಟೂ ತಾಳಲಾಗಲಿಲ್ಲವೇ' ಎಂದು ಹೀಯಾಳಿಸಬೇಡಿ. ಏನಾಯಿತೆಂದು ಕೇಳಿ. ಸೇರಿಸುವ ದಿನ ನೀವೂ ಜೊತೆಗೆ ಹೋಗಿ, ಕಲಿಸುವವರು ಯಾರು, ಅವರಿಗೆ ಕನ್ನಡ ಬರುತ್ತದೆಯೇ ಎಂದು ವಿಚಾರಿಸಿ. ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ.